ಗುಂಡಿ ಒತ್ತಿದರೆ ಶೋ ಒಂದೇ ಸಲ ಶುರುವಾಗಲಿ: ರಾಸ್ಪ್‌ಬೆರಿ ಪೈ ಮತ್ತು ಎಫ್‌ಪಿಪಿಯಲ್ಲಿ ಟ್ರಿಗರ್ ಇನ್‌ಪುಟ್ ಜೋಡಿಸುವ ಸಮಗ್ರ ಮಾರ್ಗದರ್ಶಿ

ಮೈಸೂರು ಅರಮನೆಯ ಧ್ವನಿ-ಬೆಳಕು, ಕೆಆರ್‌ಎಸ್ ಬೃಂದಾವನದ ಸಂಗೀತ ಕಾರಂಜಿ ಇವೆಲ್ಲ ಗಡಿಯಾರ ನೋಡಿ ಶುರುವಾಗುವ ಪ್ರದರ್ಶನಗಳು. ಹೊತ್ತಾಗುವವರೆಗೆ ಜನ ಕಾಯುತ್ತಾರೆ. ಮ್ಯೂಸಿಯಂನ ಮಾದರಿಗಳು, ಗಣೇಶನ ಪೆಂಡಾಲಿನ ಚಲಿಸುವ ಗೊಂಬೆಗಳು ಹಾಗಲ್ಲ; ಅಲ್ಲಿ ಜನರಿಗಾಗಿ ಶೋ ಕಾಯುತ್ತದೆ. ಯಾರೋ ಗುಂಡಿ ಒತ್ತಿದ್ದು, ಯಾರೋ ಬಾಗಿಲು ದಾಟಿದ್ದು ಕಂಟ್ರೋಲರಿಗೆ ತಿಳಿಯುವ ದಾರಿಗೆ ಟ್ರಿಗರ್ ಇನ್‌ಪುಟ್ ಎಂದು ಹೆಸರು.

ಶೋ ಶುರುಮಾಡಿಸುವುದು ಸುಲಭ. ಎರಡು ತಂತಿ, ಒಂದು ಸೆಟ್ಟಿಂಗ್, ಮುಗಿಯಿತು. ತಲೆನೋವು ಬರುವುದು ಬೇಡದಾಗ ಶುರುವಾಗುವ ಶೋನಿಂದ. ಪಕ್ಕದಲ್ಲಿ ಟ್ಯೂಬ್‌ಲೈಟ್ ಹಾಕಿದರೆ ಶುರು, ವಾಕಿಟಾಕಿ ಹಿಡಿದ ಸೆಕ್ಯುರಿಟಿಯವರು ಹಾದುಹೋದರೆ ಶುರು, ಮಗುವೊಂದು ಆರು ಸಲ ಒತ್ತಿದರೆ ಆರು ಸಲ ಮೊದಲಿನಿಂದ ಶುರು. ಹಾಗಾಗಿ ಈ ಬರಹದ ಅರ್ಧಕ್ಕಿಂತ ಹೆಚ್ಚು ಭಾಗ ಶೋವನ್ನು ತಡೆಯುವ ಬಗ್ಗೆ ಇದೆ.

ಇಲ್ಲಿ ಆರಿಸಿಕೊಂಡಿರುವುದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ಓಡುವ ಫಾಲ್ಕನ್ ಪ್ಲೇಯರ್, ಅಂದರೆ ಎಫ್‌ಪಿಪಿ. ಕ್ರಿಸ್‌ಮಸ್ ದೀಪಾಲಂಕಾರದವರು ಕಟ್ಟಿಕೊಂಡ ಉಚಿತ, ಮುಕ್ತ ತಂತ್ರಾಂಶ ಇದು. ಮೊದಲು ಫಾಲ್ಕನ್ ಪೈ ಪ್ಲೇಯರ್ ಎಂಬ ಹೆಸರಿತ್ತು, ಬೀಗಲ್‌ಬೋನ್ ಎಂಬ ಇನ್ನೊಂದು ಬೋರ್ಡಿನ ಮೇಲೂ ಓಡತೊಡಗಿದ ಮೇಲೆ ಹೆಸರಿನ ಪೈ ಬಿದ್ದುಹೋಯಿತು. ದೀಪ, ಧ್ವನಿ, ರಿಲೇ ಎಲ್ಲವನ್ನೂ ಒಂದೇ ಸಮಯರೇಖೆಯಲ್ಲಿ ನಡೆಸುತ್ತದೆ. ಎಕ್ಸ್‌ಲೈಟ್ಸ್ ಎಂಬ ತಂತ್ರಾಂಶದಲ್ಲಿ ಸೀಕ್ವೆನ್ಸ್ (ಯಾವ ಕ್ಷಣಕ್ಕೆ ಯಾವ ದೀಪ ಎಂಬ ಪಟ್ಟಿ) ಮಾಡಿ ಎಫ್‌ಪಿಪಿಗೆ ಏರಿಸಿ, ಬ್ರೌಸರಿನಿಂದ ಕೈಯಾರೆ ಓಡಿಸಿ ನೋಡಿದ್ದೀರಿ ಎಂದು ಭಾವಿಸಿ ಮುಂದುವರಿಯೋಣ. ಶೋ ಇನ್ನೂ ಆ ಹಂತಕ್ಕೆ ಬಂದಿಲ್ಲದಿದ್ದರೆ ಟ್ರಿಗರ್ ಕೆಲಸ ಈಗಲೇ ಬೇಡ. ಎರಡು ತಪ್ಪು ಒಟ್ಟಿಗೆ ಹುಡುಕುವುದು ಕಷ್ಟ.

ಉದಾಹರಣೆಗೆ ಒಂದು ಸಮುದ್ರಮಥನದ ದೃಶ್ಯ ಇಟ್ಟುಕೊಳ್ಳೋಣ. ಹಾವನ್ನು ಎಳೆದಾಡುವ ಗೊಂಬೆಗಳಿಗೆ ಮೋಟರ್, ಹಿಂದೆ ನೀಲಿ ಪಿಕ್ಸೆಲ್ ದೀಪ, 2 ನಿಮಿಷದ ನಿರೂಪಣೆ. ಮುಂದಿನ ಕಟಕಟೆಯ ಮೇಲೆ ಎರಡು ಗುಂಡಿ, ಒಂದು ಕನ್ನಡಕ್ಕೆ, ಒಂದು ಇಂಗ್ಲಿಷ್‌ಗೆ. ನಿರ್ವಾಹಕರ ಕೈಗೆಟಕುವಂತೆ ಕೆಂಪು ತುರ್ತು ನಿಲುಗಡೆ ಗುಂಡಿ.

ಸಾಮಾನು

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ:

- ರಾಸ್ಪ್‌ಬೆರಿ ಪೈ 3ಬಿ ಪ್ಲಸ್ ಅಥವಾ 4, ಅದರದೇ 5.1 ವೋಲ್ಟ್ ಅಡಾಪ್ಟರ್ (3ಬಿ ಪ್ಲಸ್‌ಗೆ 2.5 ಆಂಪ್, 4ಕ್ಕೆ 3 ಆಂಪ್)
- 12 ವೋಲ್ಟ್ 1 ಆಂಪ್ ಅಡಾಪ್ಟರ್, ಗುಂಡಿಗಳ ಲೂಪಿಗೆ ಮಾತ್ರ
- ಪಿಸಿ817 ಆಪ್ಟೋಕಪ್ಲರ್ (ಎರಡು ಸರ್ಕೀಟುಗಳ ನಡುವೆ ತಂತಿಯಿಲ್ಲದೆ ಬೆಳಕಿನಿಂದ ಸುದ್ದಿ ಮುಟ್ಟಿಸುವ ಚಿಪ್) 3, ಜೊತೆಗೆ ಬಿಡಿ 2
- ಕಾಲು ವಾಟಿನ ರೆಸಿಸ್ಟರ್‌ಗಳು: 2.2 ಕಿಲೋಓಮ್, 10 ಕಿಲೋಓಮ್, 1 ಕಿಲೋಓಮ್, ತಲಾ 3
- 1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ 3, 1ಎನ್4148 ಡಯೋಡ್ 3
- 30 ಮಿಲಿಮೀಟರ್ ಆರ್ಕೇಡ್ ಗುಂಡಿ 2, ಒಳಗೆ ಮೈಕ್ರೋಸ್ವಿಚ್ ಮತ್ತು 12 ವೋಲ್ಟ್ ದೀಪ ಇರುವಂಥದ್ದು
- ಎರಡು ಕಾಂಟ್ಯಾಕ್ಟ್ ಬ್ಲಾಕ್ ಇರುವ ಅಣಬೆ ಆಕಾರದ ಕೆಂಪು ಗುಂಡಿ, ಎರಡೂ ಬ್ಲಾಕ್ ಎನ್‌ಸಿ (ಒತ್ತದಿದ್ದಾಗ ಕೂಡಿರುವ, ಒತ್ತಿದಾಗ ಬಿಡುವ ಬಗೆ)
- ಒಂದು ಚಾನೆಲ್‌ನ ರಿಲೇ ಬೋರ್ಡ್, ಹೈ-ಲೋ ಜಂಪರ್ (ಹೈ ಸಿಗ್ನಲಿಗೆ ಎಳೆಯಬೇಕೋ ಲೋ ಸಿಗ್ನಲಿಗೋ ಎಂದು ಆರಿಸುವ ತುಂಡು) ಇರುವುದು
- ಕ್ಯಾಟ್5ಇ ಕೇಬಲ್, ಸ್ಕ್ರೂ ಟರ್ಮಿನಲ್, ಡಾಟ್ ಬೋರ್ಡ್, ಮಲ್ಟಿಮೀಟರ್

ಗುಂಡಿ ಕೊಳ್ಳುವಾಗ ಅಂಗಡಿಯಲ್ಲೇ ಹತ್ತು ಸಲ ಒತ್ತಿ ನೋಡಿ. ಅಗ್ಗದ ಗುಂಡಿಯ ಸ್ಪ್ರಿಂಗ್ ಮೂರನೆಯ ದಿನಕ್ಕೆ ಸೋಲುತ್ತದೆ. ಪ್ರಸಾದ ತಿಂದ ಕೈಗಳ ಅಂಟನ್ನೂ ಅದು ತಾಳಬೇಕು.

ಮೊದಲು ಪಿನ್ ಆರಿಸಿ

ಪೈನ 40 ಪಿನ್‌ಗಳಲ್ಲಿ ಎಲ್ಲವೂ ಟ್ರಿಗರಿಗೆ ಒಗ್ಗುವುದಿಲ್ಲ. 3 ಮತ್ತು 5ನೇ ಪಿನ್‌ಗಳಿಗೆ ಬೋರ್ಡಿನ ಮೇಲೆಯೇ 1.8 ಕಿಲೋಓಮ್ ಪುಲ್ ಅಪ್ (ಪಿನ್ನನ್ನು 3.3 ವೋಲ್ಟಿನತ್ತ ಎಳೆದಿಡುವ ರೆಸಿಸ್ಟರ್) ಇದೆ, ಜೊತೆಗೆ ಗಡಿಯಾರದ ಚಿಪ್, ಪುಟ್ಟ ಓಎಲ್‌ಇಡಿ ಪರದೆ ಅವನ್ನೇ ಬಳಸುತ್ತವೆ. 8 ಮತ್ತು 10 ಸೀರಿಯಲ್ ಪೋರ್ಟಿನವು. 27 ಮತ್ತು 28 ಹ್ಯಾಟ್, ಅಂದರೆ ಪೈ ಮೇಲೆ ಕೂರಿಸುವ ಬೋರ್ಡಿನ ಗುರುತಿಗೆ ಮೀಸಲು. 12, 35, 38, 40 ಆಡಿಯೋ ಹ್ಯಾಟ್ ಹಾಕಿದರೆ ಹೋದವು. ಪಿಕ್ಸೆಲ್ ಹ್ಯಾಟ್‌ಗಳು ಕೂಡ 12ನ್ನು ಬಳಸುವುದು ಸಾಮಾನ್ಯ.

ನಮ್ಮ ಉದಾಹರಣೆಗೆ 11, 13, 15 ಸಾಕು. ಇವು ಕ್ರಮವಾಗಿ ಜಿಪಿಐಒ (ಇನ್‌ಪುಟ್-ಔಟ್‌ಪುಟ್ ಗೆರೆಗಳಿಗೆ ಪೈನ ಚಿಪ್ ಕೊಡುವ ಸಂಖ್ಯೆ) 17, 27, 22. ಪಿನ್ ಸಂಖ್ಯೆ ಬೇರೆ, ಜಿಪಿಐಒ ಸಂಖ್ಯೆ ಬೇರೆ. ಇವೆರಡನ್ನು ಅದಲುಬದಲು ಮಾಡಿಕೊಂಡು ಸಂಜೆಯೆಲ್ಲ ಕಳೆಯುವವರಿಗೆ ಕೊರತೆಯಿಲ್ಲ. ಎಫ್‌ಪಿಪಿಯ ಪುಟದಲ್ಲಿ ಪಿ1-11 ಎಂದು ಕಂಡರೆ ಅದು 11ನೇ ಪಿನ್, ಜಿಪಿಐಒ 11 ಅಲ್ಲ. 3.3 ವೋಲ್ಟ್ 1 ಮತ್ತು 17ನೇ ಪಿನ್‌ಗಳಲ್ಲಿ, ಗ್ರೌಂಡ್ 9 ಮತ್ತು 14ರಲ್ಲಿ ಹತ್ತಿರವೇ ಸಿಗುತ್ತದೆ. ರಿಲೇಗೆ 16ನೇ ಪಿನ್, ಅಂದರೆ ಜಿಪಿಐಒ 23.

ಇಲ್ಲೊಂದು ಮಾತು ಗಟ್ಟಿಯಾಗಿ ನೆನಪಿಡಿ: ಪೈನ ಇನ್‌ಪುಟ್ ತಾಳುವುದು 3.3 ವೋಲ್ಟ್ ಮಾತ್ರ. 5 ವೋಲ್ಟ್ ತಾಗಿದರೆ ಆ ಪಿನ್ ಸಾಯಬಹುದು, 12 ತಾಗಿದರೆ ಇಡೀ ಬೋರ್ಡ್ ಹೋಗಬಹುದು.

ವೈರಿಂಗ್: ನೇರವಾಗಿಯೋ, ಆಪ್ಟೋ ಮೂಲಕವೋ

ಗುಂಡಿ ಪೈ ಪೆಟ್ಟಿಗೆಯ ಮೇಲೆಯೇ ಇದ್ದರೆ, ಅಂದರೆ ತಂತಿ ಒಂದು ಮೀಟರಿಗಿಂತ ಕಡಿಮೆ ಇದ್ದರೆ, ನೇರ ಜೋಡಣೆ ನಡೆಯುತ್ತದೆ. 3.3 ವೋಲ್ಟಿನಿಂದ 10 ಕಿಲೋಓಮ್ ರೆಸಿಸ್ಟರ್ ಒಂದು ಬಿಂದುವಿಗೆ ಬರಲಿ. ಆ ಬಿಂದುವಿನಿಂದ 1 ಕಿಲೋಓಮ್ ಮೂಲಕ ಇನ್‌ಪುಟ್ ಪಿನ್‌ಗೆ, 1 ಮೈಕ್ರೋಫ್ಯಾರಡ್ ಮೂಲಕ ಗ್ರೌಂಡಿಗೆ, ಗುಂಡಿ ಮತ್ತು 100 ಓಮ್ ಮೂಲಕ ಗ್ರೌಂಡಿಗೆ. ಒತ್ತದಿದ್ದಾಗ ಪಿನ್‌ನಲ್ಲಿ 3.3 ವೋಲ್ಟ್, ಒತ್ತಿದಾಗ ಹತ್ತಿರಹತ್ತಿರ ಸೊನ್ನೆ.

ಪೈ ಒಳಗೇ ಪುಲ್ ಅಪ್ ಇದೆಯಲ್ಲ, 10 ಕಿಲೋಓಮ್ ಯಾಕೆ? ಒಳಗಿನದು ಸುಮಾರು 50 ಕಿಲೋಓಮ್. ಅಷ್ಟು ಬಡಕಲು ಎಳೆತವಿದ್ದರೆ ತಂತಿ ಏರಿಯಲ್ ಆಗಿಬಿಡುತ್ತದೆ, ಪಕ್ಕದ ಮೋಟರಿನ ಕಿಡಿ, ವಾಕಿಟಾಕಿಯ ಅಲೆ ಎಲ್ಲ ಒಳಗೆ ಬರುತ್ತವೆ. ಇನ್ನು ಕೆಪಾಸಿಟರಿನ ಕೆಲಸ: ಗುಂಡಿಯ ಲೋಹದ ನಾಲಿಗೆ ಕೂಡುವಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ, ಒಂದು ಒತ್ತು ಹತ್ತಾರು ಒತ್ತಾಗಿ ಕಾಣುತ್ತದೆ. 10 ಕಿಲೋಓಮ್ ಮತ್ತು 1 ಮೈಕ್ರೋಫ್ಯಾರಡ್ ಸೇರಿದರೆ 10 ಮಿಲಿಸೆಕೆಂಡಿನ ಜಡತೆ ಸಿಗುತ್ತದೆ, ಪುಟಿತ ಅದರಲ್ಲಿ ಕರಗುತ್ತದೆ. ಇಂಟರ್‌ನೆಟ್‌ನ ಚಿತ್ರಗಳಲ್ಲಿ 0.1 ಮೈಕ್ರೋಫ್ಯಾರಡ್ ಹಾಕಿರುತ್ತಾರೆ. ಅದು 1 ಮಿಲಿಸೆಕೆಂಡು ಅಷ್ಟೆ, ಆರ್ಕೇಡ್ ಗುಂಡಿಗೆ ಸಾಲದು.

ಪೆಂಡಾಲಿನಲ್ಲಿ ಗುಂಡಿ ಕಟಕಟೆಯಲ್ಲಿ, ಪೈ ಪೆಟ್ಟಿಗೆ ವೇದಿಕೆಯ ಹಿಂದೆ. ನಡುವೆ 15-20 ಮೀಟರ್, ಜೊತೆಗೆ 230 ವೋಲ್ಟಿನ ತಂತಿಗಳ ಜಾತ್ರೆ. ಇಲ್ಲಿ ಆಪ್ಟೋಕಪ್ಲರ್ ಬಿಟ್ಟು ಬೇರೆ ಯೋಚಿಸಬೇಡಿ. 12 ವೋಲ್ಟ್ ಅಡಾಪ್ಟರಿನ ಪ್ಲಸ್ ಗುಂಡಿಗೆ ಹೋಗಿ, ಮರಳಿ ಬಂದು, 2.2 ಕಿಲೋಓಮ್ ಮೂಲಕ ಪಿಸಿ817ರ 1ನೇ ಕಾಲಿಗೆ ಬರಬೇಕು. 2ನೇ ಕಾಲು ಅಡಾಪ್ಟರಿನ ಮೈನಸ್‌ಗೆ. 3ನೇ ಕಾಲು ಪೈನ ಗ್ರೌಂಡಿಗೆ, 4ನೇ ಕಾಲು 10 ಕಿಲೋಓಮ್ ಪುಲ್ ಅಪ್ ಇರುವ ಬಿಂದುವಿಗೆ. ಕೆಪಾಸಿಟರ್ ಮತ್ತು 1 ಕಿಲೋಓಮ್ ಹಿಂದಿನಂತೆಯೇ. 100 ಓಮ್ ಬೇಡ. 1 ಮತ್ತು 2ನೇ ಕಾಲಿನ ನಡುವೆ 1ಎನ್4148 ಡಯೋಡನ್ನು ತಿರುವುಮುರುವಾಗಿ, ಗೆರೆ ಇರುವ ತುದಿ 1ನೇ ಕಾಲಿನ ಕಡೆ ಬರುವಂತೆ ಬೆಸೆಯಿರಿ. ಯಾರಾದರೂ ಪ್ಲಸ್ ಮೈನಸ್ ಅದಲುಬದಲು ಮಾಡಿದಾಗ ಆಪ್ಟೋ ಉಳಿಯುವುದು ಅದರಿಂದ; ಅದರ ಒಳಗಿನ ಎಲ್‌ಇಡಿ ಹಿಮ್ಮುಖವಾಗಿ 6 ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲ.

ಲೆಕ್ಕ ಹೀಗೆ: ಎಲ್‌ಇಡಿ 1.2 ವೋಲ್ಟ್ ತಿನ್ನುತ್ತದೆ, ಉಳಿದ 10.8ನ್ನು 2.2 ಕಿಲೋಓಮ್‌ನಿಂದ ಭಾಗಿಸಿದರೆ ಸುಮಾರು 5 ಮಿಲಿಆಂಪ್. 24 ವೋಲ್ಟಿನ ಸೆನ್ಸರ್ ಇದ್ದರೆ 4.7 ಕಿಲೋಓಮ್ ಹಾಕಿ, ಅಷ್ಟೇ ಕರೆಂಟ್ ಬರುತ್ತದೆ. ಪುಲ್ ಅಪ್ ಕೇಳುವುದು 0.4 ಮಿಲಿಆಂಪ್ ಮಾತ್ರ, ಆದ್ದರಿಂದ ಹಳೆಯದಾದ ಆಪ್ಟೋ ಕೂಡ ಆರಾಮವಾಗಿ ಎಳೆಯುತ್ತದೆ. ಗದ್ದಲ ಈ ಲೂಪನ್ನು ಮೋಸಗೊಳಿಸಬೇಕಾದರೆ 20 ಮೀಟರ್ ತಂತಿಯಲ್ಲಿ ಮಿಲಿಆಂಪ್‌ಗಟ್ಟಲೆ ಕರೆಂಟ್ ಹರಿಸಬೇಕು. ಅದು ಸುಲಭವಲ್ಲ.

ಪೈನ ಗ್ರೌಂಡನ್ನೂ 12 ವೋಲ್ಟಿನ ಮೈನಸನ್ನೂ ಎಲ್ಲೂ ಸೇರಿಸಬೇಡಿ. ಸೇರಿಸಿದರೆ ಆಪ್ಟೋ ಹಾಕಿದ್ದೇ ದಂಡ. ಎರಡು ಅಡಾಪ್ಟರ್ ಕೇಳಿದ್ದು ಇದಕ್ಕೇ.

ಕೇಬಲಿನ ವಿಷಯದಲ್ಲಿ ಎರಡೇ ಮಾತು. ಒಂದು ಗುಂಡಿಯ ಹೋಗುವ ತಂತಿ, ಬರುವ ತಂತಿ ಎರಡೂ ಕ್ಯಾಟ್5ಇಯ ಒಂದೇ ಹೆಣೆದ ಜೋಡಿಯಲ್ಲಿರಲಿ: ನೀಲಿಗೆ ಬಿಳಿನೀಲಿ, ಕಿತ್ತಳೆಗೆ ಬಿಳಿಕಿತ್ತಳೆ. ಕರೆಂಟಿನ ವೈರುಗಳಿಂದ ಒಂದು ಅಡಿ ದೂರವಿಡಿ. ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿ, ಉದ್ದಕ್ಕೂ ಜೊತೆಯಲ್ಲಿ ಓಡಿಸಬೇಡಿ.

ತುರ್ತು ನಿಲುಗಡೆ ಬೇರೆಯದೇ ಜಾತಿ

ಕೆಂಪು ಗುಂಡಿಯನ್ನು ಪೈಗೆ ಮಾತ್ರ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಪೈ ಹ್ಯಾಂಗ್ ಆಗಿರಬಹುದು, ರಿಲೇ ಅಂಟಿಕೊಂಡಿರಬಹುದು, ಆಗ ಮೋಟರಿನಲ್ಲಿ ಕೈ ಸಿಕ್ಕವರನ್ನು ತಂತ್ರಾಂಶ ಕಾಪಾಡುವುದಿಲ್ಲ. ಮೊದಲ ಎನ್‌ಸಿ ಬ್ಲಾಕ್ ಮೋಟರಿನ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಕೊಡುವ ದೊಡ್ಡ ರಿಲೇ) ಕಾಯಿಲಿನ ಸಾಲಿನಲ್ಲಿ ನೇರವಾಗಿ ಬರಬೇಕು: ಗುಂಡಿ ಒತ್ತಿದರೆ ಕಾಯಿಲ್ ಬಿಡಬೇಕು, ಮೋಟರಿನ ಕರೆಂಟ್ ಕಡಿದುಹೋಗಬೇಕು. ಈ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಎರಡನೆಯ ಎನ್‌ಸಿ ಬ್ಲಾಕ್ ಪೈಗೆ ಸುದ್ದಿ ಮುಟ್ಟಿಸಲು. ಆಪ್ಟೋ ಸರ್ಕೀಟು ಅದೇ, ಆದರೆ ಇಲ್ಲಿ ಲೂಪ್ ಯಾವಾಗಲೂ ಕೂಡಿರುತ್ತದೆ, ಪಿನ್ ಯಾವಾಗಲೂ ಸೊನ್ನೆಯಲ್ಲಿರುತ್ತದೆ. ಗುಂಡಿ ಒತ್ತಿದರೂ, ಹೆಗ್ಗಣ ತಂತಿ ಕಡಿದರೂ, 12 ವೋಲ್ಟ್ ಅಡಾಪ್ಟರ್ ಸತ್ತರೂ ಪಿನ್ 3.3ಕ್ಕೆ ಏರುತ್ತದೆ, ಶೋ ನಿಲ್ಲುತ್ತದೆ. ಶುರುಮಾಡುವ ಗುಂಡಿ ಎನ್‌ಒ (ಒತ್ತಿದಾಗ ಮಾತ್ರ ಕೂಡುವ ಬಗೆ), ನಿಲ್ಲಿಸುವ ಗುಂಡಿ ಎನ್‌ಸಿ. ಎರಡರಲ್ಲೂ ತಂತಿ ಕಡಿದಾಗ ಆಗುವುದು ಸುರಕ್ಷಿತ ಕಡೆಗೇ.

ಕಾಯಂ ಕಟ್ಟಡದಲ್ಲಿ ಬೆಂಕಿ ಎಚ್ಚರಿಕೆಯ ಪ್ಯಾನೆಲ್ ಇದ್ದರೆ, ಅದರ ರಿಲೇ ಕಾಂಟ್ಯಾಕ್ಟನ್ನೂ ಇದೇ ಲೂಪಿನಲ್ಲಿ ಸಾಲಾಗಿ ಸೇರಿಸಬಹುದು. ಅಲಾರಂ ಕೂಗುವಾಗ ಹಾಲಾಹಲದ ಗುಡುಗು ಕೇಳಬಾರದಲ್ಲ.

ಎಫ್‌ಪಿಪಿ ಮುಟ್ಟುವ ಮೊದಲು ಅಳೆಯಿರಿ

ಎರಡೂ ಅಡಾಪ್ಟರ್ ಹಾಕಿ, ಮಲ್ಟಿಮೀಟರಿನ ಕಪ್ಪು ಕಡ್ಡಿ ಪೈನ ಗ್ರೌಂಡಿಗೆ, ಕೆಂಪು ಕಡ್ಡಿ ಇನ್‌ಪುಟ್ ಬಿಂದುವಿಗೆ. ಶುರು ಗುಂಡಿಗಳಲ್ಲಿ ಬಿಟ್ಟಾಗ 3.3, ಒತ್ತಿದಾಗ 0.3ಕ್ಕಿಂತ ಕಡಿಮೆ ಬರಬೇಕು. 0.8ರ ಕೆಳಗೆ ಲೋ, 2ರ ಮೇಲೆ ಹೈ ಎಂದು ಇಟ್ಟುಕೊಳ್ಳಿ. ನಡುವೆ ಎಲ್ಲೋ 1.4 ಎಂದು ತೋರಿಸಿದರೆ ಪೈ ಅದನ್ನು ಹೇಗೆ ಓದುತ್ತದೋ ಅದಕ್ಕೇ ಗೊತ್ತಿಲ್ಲ. ಅಂಥ ನಡುವಿನ ಅಂಕಿ ಬಂದರೆ 12 ವೋಲ್ಟ್ ನಿಜವಾಗಿ ಗುಂಡಿ ದಾಟಿ ಬರುತ್ತಿದೆಯೇ, 2.2 ಕಿಲೋಓಮ್ ಬದಲು 22 ಹಾಕಿದ್ದೀರೇ ನೋಡಿ. ಬಣ್ಣದ ಪಟ್ಟೆ ಓದುವಾಗ ಕೆಂಪಿಗೂ ಕಿತ್ತಳೆಗೂ ಸಂಜೆ ಬೆಳಕಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಎಫ್‌ಪಿಪಿಯಲ್ಲಿ ಸೆಟ್ಟಿಂಗ್

1. ಬ್ರೌಸರಿನಲ್ಲಿ ಎಫ್‌ಪಿಪಿ ತೆರೆದು ಇನ್‌ಪುಟ್/ಔಟ್‌ಪುಟ್ ಸೆಟಪ್ ಮೆನುವಿನಲ್ಲಿ ಜಿಪಿಐಒ ಇನ್‌ಪುಟ್ಸ್ ಪುಟಕ್ಕೆ ಹೋಗಿ. ಮೆನುವಿನಲ್ಲಿ ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಇಂಟರ್‌ಫೇಸ್ ಮಟ್ಟವನ್ನು ಬೇಸಿಕ್‌ನಿಂದ ಅಡ್ವಾನ್ಸ್ಡ್‌ಗೆ ಬದಲಿಸಿ.

2. ಪಿ1-11ರ ಸಾಲಿನಲ್ಲಿ ಗುರುತು ಹಾಕಿ ಸಕ್ರಿಯಗೊಳಿಸಿ. ಪುಲ್ ಅಪ್ ಆರಿಸಿ. ಹೊರಗೆ 10 ಕಿಲೋಓಮ್ ಇದ್ದರೂ ಇದನ್ನೇ ಆರಿಸಿ. ಬೋರ್ಡಿನ ಬೆಸುಗೆ ಬಿಟ್ಟರೆ ಪಿನ್ ತೇಲುವುದಿಲ್ಲ. 9ರಿಂದ 27ರವರೆಗಿನ ಜಿಪಿಐಒಗಳು ಪೈ ಏಳುವಾಗ ತಾವಾಗಿ ಪುಲ್ ಡೌನ್‌ನಲ್ಲಿರುತ್ತವೆ, ಆದ್ದರಿಂದ ಏನನ್ನೂ ಆರಿಸದೆ ಬಿಡುವುದು ಒಳ್ಳೆಯ ಅಭ್ಯಾಸವಲ್ಲ.

3. ಪ್ರತಿ ಪಿನ್‌ಗೂ ರೈಸಿಂಗ್, ಫಾಲಿಂಗ್ ಎಂದು ಎರಡು ಕಮಾಂಡ್ ಜಾಗ ಇರುತ್ತವೆ. ಪಿನ್ ಸೊನ್ನೆಯಿಂದ ಏರಿದಾಗ ರೈಸಿಂಗ್, 3.3ರಿಂದ ಇಳಿದಾಗ ಫಾಲಿಂಗ್. ನಮ್ಮ ಶುರು ಗುಂಡಿ ಒತ್ತಿದಾಗ ಪಿನ್ ಇಳಿಯುತ್ತದೆ, ಆದ್ದರಿಂದ ಕಮಾಂಡ್ ಫಾಲಿಂಗ್‌ನಲ್ಲಿ. ರೈಸಿಂಗ್ ಖಾಲಿ ಬಿಡಿ. ಎರಡರಲ್ಲೂ ತುಂಬಿದರೆ ಗುಂಡಿ ಬಿಟ್ಟಾಗ ಇನ್ನೊಂದು ಕಮಾಂಡ್ ಹೋಗುತ್ತದೆ.

4. ದೃಶ್ಯ ಖಾಲಿ ಇರುವಾಗ ಏನೂ ಓಡುತ್ತಿಲ್ಲವಾದರೆ ಫಾಲಿಂಗ್‌ಗೆ ಸ್ಟಾರ್ಟ್ ಪ್ಲೇಲಿಸ್ಟ್ ಕಮಾಂಡ್ ಕೊಡಿ, ಪ್ಲೇಲಿಸ್ಟ್ ಹೆಸರು ಆರಿಸಿ, ರಿಪೀಟ್ ಗುರುತು ತೆಗೆಯಿರಿ, ಇಫ್ ನಾಟ್ ರನ್ನಿಂಗ್ ಗುರುತು ಹಾಕಿ. ಹಿನ್ನೆಲೆಯಲ್ಲಿ ಮಂದ ನೀಲಿ ಅಲೆಗಳ ಐಡಲ್ ಪ್ಲೇಲಿಸ್ಟ್ ಸದಾ ಓಡುತ್ತಿದ್ದರೆ ಇನ್ಸರ್ಟ್ ಪ್ಲೇಲಿಸ್ಟ್ ಇಮ್ಮೀಡಿಯೆಟ್ ಕೊಡಿ, ಅಲ್ಲೂ ಇಫ್ ನಾಟ್ ರನ್ನಿಂಗ್ ಇರಲಿ. ಇದು ಐಡಲನ್ನು ತಡೆಹಿಡಿದು ಶೋ ನಡೆಸಿ, ಮತ್ತೆ ಐಡಲ್‌ಗೆ ಬಿಟ್ಟುಕೊಡುತ್ತದೆ. ಐಡಲ್‌ನಲ್ಲಿ ದೀಪ ಮಾತ್ರ ಇರಲಿ. ಹಾಡು ಹಾಕಿದರೆ ನಡುವೆ ಕಡಿದು ಮರಳುವಾಗ ಎಲ್ಲಿಂದ ಶುರುವಾಗುತ್ತದೆ ಎಂಬ ತಲೆಬಿಸಿ ಸೇರಿಕೊಳ್ಳುತ್ತದೆ.

5. ಪಿ1-13ಕ್ಕೆ ಇಂಗ್ಲಿಷ್ ಪ್ಲೇಲಿಸ್ಟ್, ಹೀಗೆಯೇ.

6. ಪಿ1-15 ತುರ್ತು ನಿಲುಗಡೆಗೆ. ಪುಲ್ ಅಪ್ ಇರಲಿ, ಕಮಾಂಡ್ ರೈಸಿಂಗ್‌ನಲ್ಲಿ, ಸ್ಟಾಪ್ ನೌ. ಸ್ಟಾಪ್ ಗ್ರೇಸ್‌ಫುಲಿ ಕೊಟ್ಟರೆ ಈಗಿನ ಅಂಶ ಮುಗಿಯುವವರೆಗೆ ಓಡುತ್ತಲೇ ಇರುತ್ತದೆ; 2 ನಿಮಿಷದ ನಿರೂಪಣೆಯಿದ್ದರೆ ಆ ನಿಲುಗಡೆಗೆ ಅರ್ಥವಿಲ್ಲ. ಫಾಲಿಂಗ್ ಖಾಲಿ ಇರಲೇಬೇಕು. ಕೆಂಪು ಗುಂಡಿಯನ್ನು ತಿರುಗಿಸಿ ಬಿಟ್ಟ ಕೂಡಲೇ ತಾನಾಗಿ ಶೋ ಶುರುವಾಗುವುದು ಅಪಾಯ.

7. ಸೇವ್ ಮಾಡಿ. ಎಫ್‌ಪಿಪಿಡಿ (ಹಿನ್ನೆಲೆಯಲ್ಲಿ ಶೋ ನಡೆಸುವ ಎಫ್‌ಪಿಪಿಯ ಪ್ರೋಗ್ರಾಂ) ರೀಸ್ಟಾರ್ಟ್ ಬೇಕೆಂದು ಪುಟದ ಮೇಲೆ ಕಾಣಿಸುತ್ತದೆ, ಮಾಡಿ. ಎಲ್ಲ ಸರಿ ತುಂಬಿಯೂ ಗುಂಡಿ ಕೆಲಸ ಮಾಡುತ್ತಿಲ್ಲ ಎಂಬ ದೂರಿಗೆ ಈ ರೀಸ್ಟಾರ್ಟ್ ಮರೆತದ್ದೇ ಕಾರಣವಾಗಿರುವುದು ಹೆಚ್ಚು.

ಒಂದು ಸೂಕ್ಷ್ಮ ಗಮನಿಸಿ. ಎಫ್‌ಪಿಪಿ ನೋಡುವುದು ಪಿನ್‌ನ ಬದಲಾವಣೆಯನ್ನು, ಸ್ಥಿತಿಯನ್ನಲ್ಲ. ಕೆಂಪು ಗುಂಡಿ ಒತ್ತಿಟ್ಟ ಸ್ಥಿತಿಯಲ್ಲೇ ಪೈ ಆನ್ ಆದರೆ ಏರುವ ಅಂಚು (ರೈಸಿಂಗ್) ಬರುವುದೇ ಇಲ್ಲ, ಶುರು ಗುಂಡಿ ಒತ್ತಿದರೆ ಶೋ ಓಡುತ್ತದೆ. ಮೋಟರ್ ಮಾತ್ರ ಓಡುವುದಿಲ್ಲ, ಕಾಂಟ್ಯಾಕ್ಟರ್ ಬಿಟ್ಟಿರುತ್ತದೆ. ಗಟ್ಟಿ ವೈರಿಂಗ್ ಯಾಕೆ ಬೇಕೆಂಬುದಕ್ಕೆ ಇನ್ನೊಂದು ಕಾರಣ ಇದು.

ಮತ್ತೆ ಮತ್ತೆ ಒತ್ತುವವರನ್ನು ತಡೆಯುವುದು

ಇಫ್ ನಾಟ್ ರನ್ನಿಂಗ್ ಒಂದು ಪ್ಲೇಲಿಸ್ಟ್ ತನ್ನನ್ನೇ ಮತ್ತೆ ಶುರುಮಾಡಿಕೊಳ್ಳುವುದನ್ನು ತಡೆಯುತ್ತದೆ. ಅಲ್ಲಿಗೆ ಸಾಕೇ? ಎರಡು ತೂತು ಉಳಿದಿವೆ.

ಮೊದಲನೆಯದು, ಶೋ ಮುಗಿದ ಮರುಕ್ಷಣದ ಒತ್ತು. ಮೋಟರ್ ಮೊದಲ ಜಾಗಕ್ಕೆ ಮರಳಬೇಕು, ಹೊಗೆ ಯಂತ್ರ ಮತ್ತೆ ಕಾಯಬೇಕು, ನೋಡಿದವರು ಮುಂದೆ ಸರಿಯಬೇಕು. ಇದಕ್ಕೆ ಪ್ಲೇಲಿಸ್ಟಿನ ಕೊನೆಗೆ 20 ಸೆಕೆಂಡಿನ ಪಾಸ್ (ವಿರಾಮ) ಅಂಶ ಸೇರಿಸಿ. ಎಫ್‌ಪಿಪಿಯ ಲೆಕ್ಕದಲ್ಲಿ ಪ್ಲೇಲಿಸ್ಟ್ ಇನ್ನೂ ಓಡುತ್ತಿರುತ್ತದೆ, ಒತ್ತು ಬಿದ್ದರೂ ಏನೂ ಆಗುವುದಿಲ್ಲ. ಪಾಸ್‌ನಲ್ಲಿ ದೀಪ ಆರಿ ಕತ್ತಲಾಗುವುದು ಬೇಡವೆಂದರೆ, ಅದರ ಬದಲು ಐಡಲ್‌ನಂತೆಯೇ ಕಾಣುವ 20 ಸೆಕೆಂಡಿನ ಸೀಕ್ವೆನ್ಸ್ ಹಾಕಿ. ನೋಡುವವರಿಗೆ ಐಡಲ್, ಕಂಟ್ರೋಲರಿಗೆ ಶೋನ ಬಾಲ.

ಎರಡನೆಯದು ದೊಡ್ಡದು. ಕನ್ನಡದ ಶೋ ನಡೆಯುತ್ತಿರುವಾಗ ಇಂಗ್ಲಿಷ್ ಗುಂಡಿ ಒತ್ತಿದರೆ? ಇಫ್ ನಾಟ್ ರನ್ನಿಂಗ್ ಕೇಳುವುದು ಆ ಇಂಗ್ಲಿಷ್ ಪ್ಲೇಲಿಸ್ಟ್ ಓಡುತ್ತಿದೆಯೇ ಎಂದು ಮಾತ್ರ. ಓಡುತ್ತಿಲ್ಲವಲ್ಲ, ಹಾಗಾಗಿ ಅದು ಕನ್ನಡವನ್ನು ಕಡಿದು ನುಗ್ಗುತ್ತದೆ. ತಂತ್ರಾಂಶದಲ್ಲಿ ಇದಕ್ಕೆ ಹಲವು ಬಳಸುದಾರಿಗಳಿವೆ, ಆದರೆ ಎಲ್ಲಕ್ಕಿಂತ ನೆಚ್ಚಬಹುದಾದದ್ದು ಒಂದು ರಿಲೇ.

ಶುರು ಗುಂಡಿಗಳೆರಡಕ್ಕೂ ಹೋಗುವ 12 ವೋಲ್ಟಿನ ಪ್ಲಸ್ ತಂತಿಯನ್ನು ರಿಲೇಯ ಎನ್‌ಸಿ ಕಾಂಟ್ಯಾಕ್ಟಿನ ಮೂಲಕ ಕಳಿಸಿ. ಗುಂಡಿಯ ಒಳದೀಪಗಳ ಪ್ಲಸ್ ಕೂಡ ಅಲ್ಲಿಂದಲೇ. ಕೆಂಪು ಗುಂಡಿಯ ಲೂಪ್ ಮಾತ್ರ ರಿಲೇಗಿಂತ ಮೊದಲೇ ಕವಲೊಡೆಯಲಿ, ಅದು ಯಾವತ್ತೂ ಕಡಿಯಬಾರದು. ಎಫ್‌ಪಿಪಿಯ ಚಾನೆಲ್ ಔಟ್‌ಪುಟ್ಸ್‌ನಲ್ಲಿ ಅದರ್ ಎಂಬ ವಿಭಾಗದಲ್ಲಿ ಜಿಪಿಐಒ ಮಾದರಿಯ ಔಟ್‌ಪುಟ್ ಸೇರಿಸಿ, ಜಿಪಿಐಒ 23ಕ್ಕೆ ಒಂದು ಖಾಲಿ ಚಾನೆಲ್ ಕೊಡಿ. ಎಕ್ಸ್‌ಲೈಟ್ಸ್‌ನಲ್ಲಿ ಆ ಚಾನೆಲ್ ಶೋನ ಮೊದಲ ಫ್ರೇಮಿನಿಂದ ಬಾಲದ ಸೀಕ್ವೆನ್ಸ್ ಕೊನೆಯವರೆಗೂ ಪೂರ್ತಿ ಆನ್, ಐಡಲ್‌ನಲ್ಲಿ ಆಫ್. ಇಲ್ಲಿ ಪಾಸ್ ಬದಲು ಸೀಕ್ವೆನ್ಸೇ ಬೇಕು, ಪಾಸ್‌ಗೆ ಚಾನೆಲ್ ಹಿಡಿದಿಡುವ ಖಾತ್ರಿಯಿಲ್ಲ.

ಶೋ ಶುರುವಾದ ಕೂಡಲೇ ರಿಲೇ ಎಳೆಯುತ್ತದೆ, ಗುಂಡಿಗಳಿಗೆ ಜೀವವಿಲ್ಲ, ದೀಪವೂ ಆರಿರುತ್ತದೆ. ಆರಿದ ಗುಂಡಿಯನ್ನು ಜನ ತಾವಾಗಿ ಬಿಡುತ್ತಾರೆ. “ಶೋ ನಡೆಯುತ್ತಿರುವಾಗ ಒತ್ತಬೇಡಿ” ಎಂದು ಬರೆದು ಅಂಟಿಸಿದ ಚೀಟಿಗಿಂತ ಇದು ಎಷ್ಟೋ ಪಾಲು ಮೇಲು. ರಿಲೇ ಬೋರ್ಡಿನ ಜಂಪರನ್ನು ಹೈ ಕಡೆ ಇಡಿ. ಪೈ ಏಳುವಾಗ ಜಿಪಿಐಒ 23 ಕೆಳಗೆ ಎಳೆದಿರುವುದರಿಂದ ಲೋ ಜಂಪರಿನ ರಿಲೇ ಆ ಹೊತ್ತಿನಲ್ಲಿ ಎಳೆಯಬಹುದು.

ಇದರಲ್ಲೂ ಒಂದು ಕೊಕ್ಕೆ ಇದೆ. ಗುಂಡಿ ಅಂಟಿಕೊಂಡು ಒತ್ತಿದ ಸ್ಥಿತಿಯಲ್ಲೇ ಉಳಿದರೆ, ಶೋ ಮುಗಿದು ರಿಲೇ ಬಿಟ್ಟಾಗ 12 ವೋಲ್ಟ್ ಮತ್ತೆ ಹರಿಯುತ್ತದೆ, ಪಿನ್ ಇಳಿಯುತ್ತದೆ, ಶೋ ಮತ್ತೆ ಶುರು. ಯಾರೂ ಒತ್ತದೆ ಶೋ ಸುತ್ತುತ್ತಲೇ ಇದ್ದರೆ ಮೊದಲು ಗುಂಡಿ ನೋಡಿ, ಆಮೇಲೆ ತಂತ್ರಾಂಶ.

ಗುಂಡಿ ಬದಲು ಸೆನ್ಸರ್

ಮೈಬಿಸಿಯ ಅಲುಗಾಟವನ್ನು ಗುರುತಿಸುವ ಪಿಐಆರ್ ಸೆನ್ಸರ್ ಎಂದರೆ ಎಲ್ಲರಿಗೂ ನೆನಪಾಗುವುದು ಬಿಳಿ ಗುಮ್ಮಟದ ಎಚ್‌ಸಿ-ಎಸ್‌ಆರ್501. 5 ವೋಲ್ಟಿನಲ್ಲಿ ಓಡಿ 3.3 ವೋಲ್ಟ್ ಹೊರಡಿಸುತ್ತದೆ, ಆದ್ದರಿಂದ ಹತ್ತಿರದಲ್ಲಿದ್ದರೆ ಪಿನ್‌ಗೆ ನೇರವಾಗಿ ಕೊಡಬಹುದು. ಇದು ಜನ ಕಂಡಾಗ ಹೈ ಆಗುತ್ತದೆ. ಪುಲ್ ಡೌನ್ ಆರಿಸಿ, ಕಮಾಂಡನ್ನು ರೈಸಿಂಗ್‌ನಲ್ಲಿ ಹಾಕಿ. ಆನ್ ಆದ ಮೇಲೆ ಸುಮಾರು ಒಂದು ನಿಮಿಷ ಅದು ಸ್ತಿಮಿತಕ್ಕೆ ಬರುವುದಿಲ್ಲ, ಆ ಹೊತ್ತಿನ ಸುಳ್ಳು ಟ್ರಿಗರ್‌ಗಳನ್ನು ದೋಷವೆಂದು ತಿಳಿಯಬೇಡಿ. ಎರಡು ತಿರುಪುಗಳಲ್ಲಿ ಒಂದು ದೂರಕ್ಕೆ, ಸುಮಾರು 3ರಿಂದ 7 ಮೀಟರ್. ಇನ್ನೊಂದು ಹೈ ಆಗಿ ಉಳಿಯುವ ಅವಧಿಗೆ, ಕೆಲವು ಸೆಕೆಂಡಿನಿಂದ 5 ನಿಮಿಷದವರೆಗೆ. ಅವಧಿಯನ್ನು ಕನಿಷ್ಠಕ್ಕೆ ಇಳಿಸಿಡಿ.

ಜಂಪರ್ ಎಚ್‌ನಲ್ಲಿದ್ದರೆ ಜನ ಅಲುಗಾಡುತ್ತಿರುವಷ್ಟು ಹೊತ್ತೂ ಔಟ್‌ಪುಟ್ ಹೈ ಆಗಿಯೇ ಉಳಿಯುತ್ತದೆ. ಒಬ್ಬೊಬ್ಬರೇ ಬರುವ ಮ್ಯೂಸಿಯಂ ಮೂಲೆಗೆ ಇದು ಚೆನ್ನ, ಅವರು ಹೋಗುವವರೆಗೆ ಇನ್ನೊಂದು ಏರುವ ಅಂಚು ಬರುವುದಿಲ್ಲ. ಪೆಂಡಾಲಿನಲ್ಲಿ ಇದೇ ಶಾಪ. ಸಂಜೆ 7ಕ್ಕೆ ಒಮ್ಮೆ ಹೈ ಆದರೆ ಜನಸಂದಣಿ ಕರಗುವವರೆಗೆ ಇಳಿಯುವುದಿಲ್ಲ, ಶೋ ಒಂದು ಸಲ ಓಡಿ ಸುಮ್ಮನಾಗುತ್ತದೆ. ಜಂಪರ್ ಎಲ್‌ಗೆ ಹಾಕಿದರೆ ಮತ್ತೆ ಮತ್ತೆ ಅಂಚು ಬರುತ್ತದೆ, ಆದರೆ ಆಗ ಶೋ ಬಿಡುವಿಲ್ಲದೆ ಓಡುತ್ತದೆ. ಅದಕ್ಕಿಂತ ಟ್ರಿಗರ್ ಬಿಟ್ಟು ಲೂಪ್ ಹಾಕುವುದು ವಾಸಿ. ಫ್ಯಾನಿನ ಬಿಸಿಗಾಳಿ, ಅಲುಗುವ ಪರದೆ, ಸಂಜೆಬಿಸಿಲು ಇವೆಲ್ಲ ಪಿಐಆರ್‌ಗೆ ಮನುಷ್ಯರಂತೆಯೇ ಕಾಣುತ್ತವೆ. ಜನ ತುಂಬಿದ ಕಡೆ ಪಿಐಆರ್ ಬೇಡ.

ಬಾಗಿಲು ದಾಟುವುದನ್ನು ಹಿಡಿಯಲು ಇನ್‌ಫ್ರಾರೆಡ್ ಸೆನ್ಸರ್ ಮೇಲು. ಇ18-ಡಿ80ಎನ್‌ಕೆ ಎಂಬ ಕೊಳವೆಯಾಕಾರದ್ದು ಅಗ್ಗ. 80 ಸೆಂಟಿಮೀಟರ್‌ವರೆಗೆ ನೋಡುತ್ತದೆ, ಹಿಂಬದಿಯ ತಿರುಪಿನಿಂದ ದೂರ ಹೊಂದಿಸಬಹುದು. ಕಂದು ತಂತಿ 5 ವೋಲ್ಟ್, ನೀಲಿ ಗ್ರೌಂಡ್, ಕಪ್ಪು ಸಿಗ್ನಲ್. ಎನ್‌ಪಿಎನ್ ಆದ್ದರಿಂದ ಕಂಡಾಗ ಕಪ್ಪು ತಂತಿ ಗ್ರೌಂಡಿಗೆ ಎಳೆಯುತ್ತದೆ. ಆದರೆ ಪೈಗೆ ಸೇರಿಸುವ ಮೊದಲು ಕಪ್ಪು ತಂತಿಯನ್ನು ಮೀಟರಿನಲ್ಲಿ ಅಳೆಯಿರಿ: ಕೆಲವು ತಯಾರಿಕೆಗಳಲ್ಲಿ ಒಳಗೇ 5 ವೋಲ್ಟಿಗೆ ಪುಲ್ ಅಪ್ ಇರುತ್ತದೆ. ಸುಮ್ಮನಿದ್ದಾಗ 5 ತೋರಿಸಿದರೆ ನೇರ ಜೋಡಣೆ ಬೇಡ, ಆಪ್ಟೋ ಮೂಲಕ ತನ್ನಿ: 5 ವೋಲ್ಟಿನಿಂದ 1 ಕಿಲೋಓಮ್ ಮೂಲಕ 1ನೇ ಕಾಲಿಗೆ, ಕಪ್ಪು ತಂತಿ 2ನೇ ಕಾಲಿಗೆ.

ಕಾರ್ಖಾನೆ ಮಾದರಿಯ 24 ವೋಲ್ಟ್ ಸೆನ್ಸರ್‌ಗಳಲ್ಲೂ ಕಂದು-ನೀಲಿ-ಕಪ್ಪು ಇದೇ ಕ್ರಮ. ಪಿಎನ್‌ಪಿ (ಕಂಡಾಗ ಕಪ್ಪು ತಂತಿಗೆ ಪ್ಲಸ್ ಕೊಡುವ ಬಗೆ) ಆದರೆ ಕಪ್ಪು ತಂತಿ 1ನೇ ಕಾಲಿನ ಕಡೆಗೆ 4.7 ಕಿಲೋಓಮ್ ಮೂಲಕ, 2ನೇ ಕಾಲು ನೀಲಿಗೆ. ಎನ್‌ಪಿಎನ್ ಆದರೆ ಕಂದಿನಿಂದ 4.7 ಕಿಲೋಓಮ್ ಮೂಲಕ 1ನೇ ಕಾಲಿಗೆ, ಕಪ್ಪು 2ಕ್ಕೆ. ಕಾಲಡಿ ಹಾಸುವ ಒತ್ತಡದ ಚಾಪೆ ಬರೀ ಎರಡು ತಂತಿಯ ಸ್ವಿಚ್, ಗುಂಡಿಯಂತೆಯೇ ಜೋಡಿಸಿ. ಮಳೆನೀರು ಒಳಗಿಳಿದರೆ ಅದು ಸದಾ ಒತ್ತಿದಂತೆ ಇರುತ್ತದೆ. ಭಾದ್ರಪದದಲ್ಲಿ ಈ ಮಾತು ಮರೆಯಬಾರದು.

ಪರೀಕ್ಷೆ

ಜನ ಬರುವ ಮುಂಚಿನ ದಿನ, ಎಲ್ಲ ದೀಪ, ಫ್ಯಾನ್, ಧ್ವನಿವರ್ಧಕ ಆನ್ ಇಟ್ಟುಕೊಂಡು ಮಾಡಿ. ಪ್ರತಿ ಗುಂಡಿ 50 ಸಲ ಒತ್ತಿ, 50 ಸಲವೂ ಶುರುವಾಗಬೇಕು. ಇದಕ್ಕೆ 5 ಸೆಕೆಂಡಿನ ಪುಟ್ಟ ಪರೀಕ್ಷಾ ಪ್ಲೇಲಿಸ್ಟ್ ಇಟ್ಟುಕೊಂಡರೆ ಬೇಗ ಮುಗಿಯುತ್ತದೆ. ಶೋ ನಡುವೆ ಎರಡೂ ಗುಂಡಿ ಒತ್ತಿ, ಏನೂ ಆಗಬಾರದು. ಬಾಲದ 20 ಸೆಕೆಂಡಿನಲ್ಲಿ ಒತ್ತಿ. ಒತ್ತಿ ಹಿಡಿದೇ ಶೋ ಮುಗಿಸಿ, ಏನಾಗುತ್ತದೆ ನೋಡಿ. ಕೆಂಪು ಗುಂಡಿಯ ಕೇಬಲನ್ನು ಟರ್ಮಿನಲ್‌ನಿಂದ ಕಿತ್ತು ನೋಡಿ, ಶೋ ನಿಲ್ಲಬೇಕು. ಪಕ್ಕದಲ್ಲಿ ನಿಂತು ವಾಕಿಟಾಕಿಯಲ್ಲಿ ಮಾತಾಡಿ. ಕೊನೆಗೆ ಅರ್ಧ ಗಂಟೆ ಯಾರೂ ಮುಟ್ಟದೆ ಬಿಡಿ. ಆ ಅರ್ಧ ಗಂಟೆಯಲ್ಲಿ ಒಮ್ಮೆ ಶುರುವಾದರೂ ವೈರಿಂಗ್ ಮತ್ತೆ ಬಿಚ್ಚಬೇಕು.

ಒತ್ತು ಮುಟ್ಟಿತೋ ಇಲ್ಲವೋ ಗೊತ್ತಾಗದಿದ್ದರೆ ಎಫ್‌ಪಿಪಿಯ ಲಾಗ್ ಸೆಟ್ಟಿಂಗ್‌ನಲ್ಲಿ ಜಿಪಿಐಒ ವಿಭಾಗವನ್ನು ಡೀಬಗ್‌ಗೆ ಏರಿಸಿ, ಫೈಲ್ ಮ್ಯಾನೇಜರ್‌ನಲ್ಲಿ ಎಫ್‌ಪಿಪಿಡಿ ಲಾಗ್ ತೆರೆಯಿರಿ. ಒತ್ತು ಲಾಗ್‌ನಲ್ಲಿ ಕಂಡೂ ಶೋ ಓಡದಿದ್ದರೆ ತಪ್ಪು ಕಮಾಂಡಿನಲ್ಲಿದೆ: ಪ್ಲೇಲಿಸ್ಟ್ ಹೆಸರು ಬದಲಿಸಿ ಇಲ್ಲಿ ಬದಲಿಸಲು ಮರೆತಿರಬಹುದು. ಲಾಗ್‌ನಲ್ಲೇ ಕಾಣದಿದ್ದರೆ ತಂತಿಯಲ್ಲಿದೆ, ಮೀಟರ್ ಹಿಡಿಯಿರಿ. ಗುಂಡಿ ಬಿಟ್ಟಾಗ ಶುರುವಾಗುತ್ತಿದ್ದರೆ ರೈಸಿಂಗ್-ಫಾಲಿಂಗ್ ತಿರುವುಮುರುವು ಅಥವಾ ಮೈಕ್ರೋಸ್ವಿಚ್ಚಿನ ಎನ್‌ಒ ಬದಲು ಎನ್‌ಸಿ ಕಾಲಿಗೆ ತಂತಿ ಹೋಗಿದೆ. ಸರಿಯಾದ ಮೇಲೆ ಲಾಗ್ ಮಟ್ಟವನ್ನು ಮರಳಿ ಇಳಿಸಿ, ಎಸ್‌ಡಿ ಕಾರ್ಡ್ ಸುಮ್ಮನೆ ಸವೆಯುತ್ತದೆ.

ಕರೆಂಟ್ ಹೋಗಿ ಜನರೇಟರ್ ಬರುವ ಆ ಕೆಲವು ಸೆಕೆಂಡುಗಳನ್ನೂ ಪರೀಕ್ಷಿಸಿ. ಪೈ ಒಂದು ಯುಪಿಎಸ್ ಮೇಲಿದ್ದು 12 ವೋಲ್ಟ್ ಅಡಾಪ್ಟರ್ ನೇರ ಕರೆಂಟಿನಲ್ಲಿದ್ದರೆ, ಪ್ರತಿ ಸಲ ಕರೆಂಟ್ ಹೋದಾಗಲೂ ಕೆಂಪು ಗುಂಡಿ ಒತ್ತಿದಂತಾಗಿ ಎಲ್ಲ ನಿಲ್ಲುತ್ತದೆ, ನಿಂತ ಐಡಲ್ ತಾನಾಗಿ ಮರಳುತ್ತದೆಂದು ನೆಚ್ಚುವಂತಿಲ್ಲ. ಎರಡೂ ಅಡಾಪ್ಟರ್ ಒಂದೇ ಯುಪಿಎಸ್ ಮೇಲಿರಲಿ. ಐಡಲ್ ಮತ್ತೆ ಶುರುಮಾಡಲು ನಿರ್ವಾಹಕರಿಗೆ ಬೀಗದ ಕೈ ಸ್ವಿಚ್ ಒಂದನ್ನು ನಾಲ್ಕನೆಯ ಇನ್‌ಪುಟ್ಟಿಗೆ ಕೊಡಬಹುದು. 18ನೇ ಪಿನ್, ಜಿಪಿಐಒ 24, ಖಾಲಿ ಇದೆ. ಮೋಟರಿನ ಕಾಂಟ್ಯಾಕ್ಟರನ್ನು ಮಾತ್ರ ಆ ಕೀಲಿಗೆ ಕಟ್ಟಬೇಡಿ. ಅದನ್ನು ಮೋಟರ್ ಕಾಣುವ ಜಾಗದಲ್ಲಿ ನಿಂತು ಕೈಯಾರೆ ಹಾಕಬೇಕು.

ಎಲ್ಲ ಮುಗಿದ ಮೇಲೆ ಎಫ್‌ಪಿಪಿಯ ಬ್ಯಾಕಪ್ ಪುಟದಿಂದ ಸೆಟ್ಟಿಂಗ್‌ಗಳನ್ನು ಇಳಿಸಿಕೊಳ್ಳಿ, ಎಸ್‌ಡಿ ಕಾರ್ಡಿನ ಪೂರ್ತಿ ನಕಲು ಇನ್ನೊಂದು ಕಾರ್ಡಿಗೆ ಮಾಡಿ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಒಂದು ಕಾಗದ: ಯಾವ ಪಿನ್, ಯಾವ ಬಣ್ಣದ ತಂತಿ, ಯಾವ ಗುಂಡಿ, ಸುಮ್ಮನಿದ್ದಾಗ ಎಷ್ಟು ವೋಲ್ಟ್, ಒತ್ತಿದಾಗ ಎಷ್ಟು. ನಕಲು ಕಾರ್ಡನ್ನು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅದೇ ಕಾಗದದ ಪಕ್ಕ ಅಂಟಿಸಿಡಿ.